ಓದುತ್ತ ದುಡಿಯುವುದು: ವರ್ಕ್-ಸ್ಟಡಿಯ ಹಿಂದಿನ ಕಥೆ

ಮಾರ್ಚ್, ಏಪ್ರಿಲ್ ಬಂತೆಂದರೆ ಹನ್ನೆರಡನೇ ಗ್ರೇಡಿನ ಮಕ್ಕಳಿರುವ ನಮ್ಮ ಮನೆಗಳಲ್ಲಿ ಕಾಲೇಜಿನ ಪತ್ರಕ್ಕೆ ಕಾಯುವ ಕಾಲ. ಸೀಟು ಸಿಕ್ಕಿತೆಂಬ ಸಂತೋಷದ ಬೆನ್ನಿಗೇ ಹಣದ ಲೆಕ್ಕದ ಇನ್ನೊಂದು ಪತ್ರ ಬರುತ್ತದೆ. ಗ್ರಾಂಟ್ ಇಷ್ಟು, ಸಾಲ ಇಷ್ಟು ಎಂದು ಬರೆದಿರುವುದರ ಕೆಳಗೆ 'ಫೆಡರಲ್ ವರ್ಕ್-ಸ್ಟಡಿ' ಎಂಬ ಒಂದು ಸಾಲು ಇರುವುದುಂಟು. ಅದನ್ನೂ ಕೂಡಿಸಿ, ಫೀಸಿನಿಂದ ಕಳೆದು, ಉಳಿದದ್ದು ಕಟ್ಟಿದರಾಯಿತು ಎಂದುಕೊಳ್ಳುವ ತಂದೆತಾಯಿಗಳು ನಮ್ಮಲ್ಲಿ ಅನೇಕರು. ಆದರೆ ಆ ಹಣ ಫೀಸಿನಿಂದ ತಾನಾಗಿ ಕಳೆಯುವುದಿಲ್ಲ. ಮಗನೋ ಮಗಳೋ ಕ್ಯಾಂಪಸ್ಸಿನಲ್ಲಿ ಕೆಲಸ ಹುಡುಕಿ, ದುಡಿದು, ಸಂಬಳವಾಗಿ ಪಡೆಯಬೇಕಾದ ಹಣ ಅದು. ಈ ಏರ್ಪಾಡು ಎಲ್ಲಿಂದ ಬಂತು, ನಮ್ಮಂಥವರಿಗೂ ಅದಕ್ಕೂ ಏನು ನಂಟು ಎಂಬುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಊರಿನಲ್ಲಿ ಬಡ ವಿದ್ಯಾರ್ಥಿಗೆ ಇದ್ದ ದಾರಿ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಏಳು ಮನೆ ಗೊತ್ತುಮಾಡಿಕೊಂಡು ಉಂಡು ಓದಿದವರು ನಮ್ಮ ಅಜ್ಜಂದಿರ ಕಾಲದಲ್ಲಿ ಎಷ್ಟೋ ಜನ. ಊಟ ಹಾಕಿದ ತಾಯಂದಿರಿಗೆ ನಮಸ್ಕಾರ. ಆದರೂ ಅದು ಬಹಳಮಟ್ಟಿಗೆ ಜಾತಿಯ ಗೆರೆಯೊಳಗೆ ನಡೆದದ್ದು, ಉಣ್ಣುವವನು ತಲೆ ತಗ್ಗಿಸಿಕೊಂಡು ಉಣ್ಣಬೇಕಾಗಿದ್ದದ್ದು. ದುಡಿದು ಓದಿದವರೂ ಇದ್ದರು. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿಕೊಟ್ಟು ತಮ್ಮ ಖರ್ಚು ತೂಗಿಸಿಕೊಂಡು, 1881ರಲ್ಲಿ ಬಿ.ಎ. ಮುಗಿಸಿದರು. ಇದೆಲ್ಲ ಒಬ್ಬೊಬ್ಬರ ಅದೃಷ್ಟ, ಒಬ್ಬೊಬ್ಬ ಗೃಹಸ್ಥರ ಔದಾರ್ಯ. ಓದುವ ಹುಡುಗನಿಗೆ ಕೆಲಸ ಕೊಟ್ಟು ಕೂಲಿ ಕೊಡುವುದು ಸರ್ಕಾರದ ಹೊಣೆ ಎಂದು ಯಾರೂ ಅಂದುಕೊಂಡಿರಲಿಲ್ಲ.

ಅಮೆರಿಕದಲ್ಲಿಯೂ ಬಹುಕಾಲ ಹಾಗೆ ಅಂದುಕೊಂಡಿರಲಿಲ್ಲ. ನಮ್ಮ ನ್ಯೂಯಾರ್ಕ್ ರಾಜ್ಯದಲ್ಲೇ, 1868ರಲ್ಲಿ ಬಾಗಿಲು ತೆರೆದ ಕಾರ್ನೆಲ್ ವಿಶ್ವವಿದ್ಯಾಲಯದ ಸ್ಥಾಪಕ ಎಜ್ರಾ ಕಾರ್ನೆಲ್ ಅವರಿಗೆ ವಿದ್ಯಾರ್ಥಿಗಳು ಮೈಮುರಿದು ದುಡಿದು ಓದಬೇಕೆಂಬ ಆಸೆಯಿತ್ತು. ಅದು ಅವರು ಎಣಿಸಿದಂತೆ ನಡೆಯಲಿಲ್ಲ. ನ್ಯೂಯಾರ್ಕ್ ನಗರ ಬೇರೆ ದಾರಿ ಹಿಡಿಯಿತು. 1847ರಲ್ಲಿ ಹುಟ್ಟಿ ಮುಂದೆ ಸಿಟಿ ಕಾಲೇಜ್ ಎನಿಸಿಕೊಂಡ ಸಂಸ್ಥೆಯಲ್ಲಿ ನಗರದ ಮಕ್ಕಳಿಗೆ ಬೋಧನಾ ಶುಲ್ಕವೇ ಇರಲಿಲ್ಲ. ಆ ಪದ್ಧತಿ 1976ರಲ್ಲಿ ನಿಂತಿತು. ಉಳಿದ ಕಡೆ ಬಡವರ ಮಕ್ಕಳು ತಮಗೆ ತಾವೇ ದಾರಿ ಮಾಡಿಕೊಳ್ಳಬೇಕಿತ್ತು.

1929ರಲ್ಲಿ ವಾಲ್ ಸ್ಟ್ರೀಟ್ ಕುಸಿದಾಗ ಆ ದಾರಿಯೂ ಮುಚ್ಚಿತು. ಅಪ್ಪನಿಗೇ ಕೆಲಸವಿಲ್ಲದಾಗ ಮಗನಿಗೆ ಯಾರು ಕೊಡುತ್ತಾರೆ? ಕಾಲೇಜು ಬಿಟ್ಟ ಹುಡುಗರು ಕೆಲಸಕ್ಕಾಗಿ ಇನ್ನಷ್ಟು ಉದ್ದದ ಸಾಲಿನಲ್ಲಿ ನಿಂತರು. ಅವರನ್ನು ಕಾಲೇಜಿನಲ್ಲಿಯೇ ಉಳಿಸಿಕೊಂಡು, ಅಲ್ಲಿಯೇ ಏನಾದರೂ ಕೆಲಸ ಕೊಡುವುದು ಮೇಲು ಎಂದು ರೂಸ್‌ವೆಲ್ಟ್ ಸರ್ಕಾರಕ್ಕೆ ಹೊಳೆಯಿತು. 1934ರಲ್ಲಿ ದೇಶಾದ್ಯಂತ ಇಂಥ ಸಹಾಯ ಆರಂಭವಾಯಿತು. 1935ರ ಜೂನ್ 26ರಂದು ಇದಕ್ಕಾಗಿಯೇ ನ್ಯಾಷನಲ್ ಯೂತ್ ಅಡ್ಮಿನಿಸ್ಟ್ರೇಷನ್ ಎಂಬ ಇಲಾಖೆ ಹುಟ್ಟಿತು. ಕಾಲೇಜು ವಿದ್ಯಾರ್ಥಿಗೆ ತಿಂಗಳಿಗೆ ಸುಮಾರು 15 ಡಾಲರ್. ಕೆಲಸವೆಂದರೆ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು, ಟೈಪು ಮಾಡುವುದು, ಪ್ರಯೋಗಶಾಲೆ ತೊಳೆಯುವುದು.

ಹೀಗೆ ದುಡಿದವರ ಪಟ್ಟಿ ಸ್ವಾರಸ್ಯವಾಗಿದೆ. ತಂದೆಯ ಕೋಟಿನ ವ್ಯಾಪಾರ ಮುಳುಗಿ ಮ್ಯಾನ್‌ಹಟನ್ನಿನಿಂದ ಬ್ರೂಕ್ಲಿನ್‌ಗೆ ಬಂದ ಮನೆಯ ಹುಡುಗ, ಮುಂದೆ ದೊಡ್ಡ ನಾಟಕಕಾರನಾದ ಆರ್ಥರ್ ಮಿಲ್ಲರ್, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗಶಾಲೆಯ ಇಲಿಗಳಿಗೆ ಮೇವು ಹಾಕಿ ಆ 15 ಡಾಲರ್ ಸಂಪಾದಿಸಿದ. ಡ್ಯೂಕ್‌ನಲ್ಲಿ ಕಾನೂನು ಓದುತ್ತಿದ್ದ ರಿಚರ್ಡ್ ನಿಕ್ಸನ್ ಗಂಟೆಗೆ 35 ಸೆಂಟಿಗೆ ಗ್ರಂಥಾಲಯದಲ್ಲಿ ದುಡಿದ. ಸರ್ಕಾರದ ಕೈ ಉದ್ದವಾಯಿತೆಂದು ಮುಂದೆ ದೂರಿದ ಪಕ್ಷದ ಅಧ್ಯಕ್ಷನೂ ಅದೇ ಕೈಯಿಂದ ಕೂಲಿ ಪಡೆದಿದ್ದ ಎಂಬುದನ್ನು ನೆನೆದರೆ ನಮಗೆ ನಗು ಬರುತ್ತದೆ.

ಆದರೆ ನಮ್ಮ ಕಥೆಗೆ ಮುಖ್ಯನಾದವನು ಇನ್ನೊಬ್ಬ. ಟೆಕ್ಸಸ್‌ನಲ್ಲಿ ಈ ಇಲಾಖೆಯ ನಿರ್ದೇಶಕನಾಗಿ 1935ರಲ್ಲಿ ನೇಮಕವಾದವನಿಗೆ ಇನ್ನೂ 26 ವರ್ಷ. ಹೆಸರು ಲಿಂಡನ್ ಜಾನ್ಸನ್. ಅವನು ಸ್ಯಾನ್ ಮಾರ್ಕೋಸ್ ಎಂಬ ಊರಿನ ಸಣ್ಣ ಟೀಚರ್ಸ್ ಕಾಲೇಜಿನಲ್ಲಿ 1927ರಿಂದ ಓದಿದವನು. ಕೈಯಲ್ಲಿ ಕಾಸಿಲ್ಲದೆ ಮೊದಲು ಕಾಲೇಜಿನ ಆವರಣದ ಕಸ ಎತ್ತಿದ, ಆಮೇಲೆ ನೆಲ ಗುಡಿಸಿದ, ಕಡೆಗೆ ಕಾಲೇಜಿನ ಅಧ್ಯಕ್ಷರ ಕಚೇರಿಯಲ್ಲಿ ಚೀಟಿ ಒಯ್ಯುವ ಕೆಲಸ ಗಿಟ್ಟಿಸಿಕೊಂಡ. ಅದೂ ಸಾಲದೆ ಒಂದು ವರ್ಷ ಓದು ನಿಲ್ಲಿಸಿ ಕೊಟುಲ್ಲ ಎಂಬ ಹಳ್ಳಿಯಲ್ಲಿ ಮೆಕ್ಸಿಕನ್ ಕೂಲಿಕಾರರ ಮಕ್ಕಳಿಗೆ ಪಾಠ ಹೇಳಿ, ಹಣ ಕೂಡಿಸಿಕೊಂಡು ಹಿಂದಿರುಗಿದ. ಇಂಥವನ ಕೈಗೆ ವಿದ್ಯಾರ್ಥಿಗಳಿಗೆ ಕೆಲಸ ಹಂಚುವ ಅಧಿಕಾರ ಬಂದರೆ ಅವನು ಅದನ್ನು ಬರಿಯ ಕಾಗದದ ಕೆಲಸವೆಂದು ಮಾಡುವುದುಂಟೆ?

ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಇಲಾಖೆ ಮುಚ್ಚಿತು. ಇಪ್ಪತ್ತು ವರ್ಷ ಕಳೆದ ಮೇಲೆ ಜಾನ್ಸನ್ ಅಧ್ಯಕ್ಷರಾದರು. 1964ರ ಆಗಸ್ಟ್ 20ರಂದು ಅವರು ಸಹಿ ಹಾಕಿದ ಎಕನಾಮಿಕ್ ಆಪರ್ಚುನಿಟಿ ಕಾಯಿದೆಯಲ್ಲಿ ಕಾಲೇಜು ವರ್ಕ್-ಸ್ಟಡಿ ಹೊಸದಾಗಿ ಹುಟ್ಟಿತು. ಸಂಬಳದ ನೂರಕ್ಕೆ ತೊಂಬತ್ತು ಪಾಲು ಕೇಂದ್ರ ಸರ್ಕಾರದ್ದು, ಹತ್ತು ಪಾಲು ಕಾಲೇಜಿನದು. ತರಗತಿಗಳು ನಡೆಯುವಾಗ ವಾರಕ್ಕೆ 15 ಗಂಟೆ ಮೀರಬಾರದು. ಆಗ ದೇಶದ ಕನಿಷ್ಠ ಕೂಲಿ ಗಂಟೆಗೆ 1 ಡಾಲರ್ 25 ಸೆಂಟ್.

ಮರುವರ್ಷದ ಎರಡು ದಿನಗಳನ್ನು ನಮ್ಮ ಓದುಗರು ಗುರುತು ಹಾಕಿಕೊಳ್ಳಬೇಕು. 1965ರ ಅಕ್ಟೋಬರ್ 3ರಂದು ಜಾನ್ಸನ್ ನಮ್ಮ ನ್ಯೂಯಾರ್ಕ್ ಬಂದರಿನ ಲಿಬರ್ಟಿ ದ್ವೀಪದಲ್ಲಿ, ಜರ್ಸಿ ಸಿಟಿಯ ದಡದಿಂದ ಕಣ್ಣಿಗೆ ಕಾಣುವ ಆ ಪ್ರತಿಮೆಯ ಬುಡದಲ್ಲಿ ಕುಳಿತು, ಹೊಸ ವಲಸೆ ಕಾಯಿದೆಗೆ ಸಹಿ ಹಾಕಿದರು. ಅಲ್ಲಿಯ ತನಕ ಇಡೀ ಭಾರತಕ್ಕೆ ವರ್ಷಕ್ಕೆ ಇದ್ದ ಕೋಟಾ 100 ಜನ. ಆ ಕಾಯಿದೆಯಿಂದಲೇ ನಮ್ಮವರು ಡಾಕ್ಟರರಾಗಿ, ಇಂಜಿನಿಯರರಾಗಿ ಇಲ್ಲಿಗೆ ಬಂದದ್ದು. ಕನ್ನಡ ಕೂಟಗಳು ಹುಟ್ಟಿದ್ದು. ಅದಾಗಿ ಐದು ವಾರಕ್ಕೆ, ನವೆಂಬರ್ 8ರಂದು, ಜಾನ್ಸನ್ ತಾವು ನೆಲ ಗುಡಿಸಿದ್ದ ಸ್ಯಾನ್ ಮಾರ್ಕೋಸ್ ಕಾಲೇಜಿಗೇ ಹೋಗಿ ಹೈಯರ್ ಎಜುಕೇಷನ್ ಕಾಯಿದೆಗೆ ಸಹಿ ಹಾಕಿದರು. ವರ್ಕ್-ಸ್ಟಡಿ ಅದರ ನೆರಳಿಗೆ ಬಂತು. ಒಂದೇ ಕೈ, ಒಂದೇ ಚಳಿಗಾಲದ ಮುಂಚೆ, ನಮ್ಮನ್ನು ಕರೆಯಿತು. ನಮ್ಮ ಮಕ್ಕಳ ಓದಿಗೂ ಏರ್ಪಾಡು ಮಾಡಿತು. ಮೊದಲನೆಯದು ನಮಗೆಲ್ಲ ಗೊತ್ತು. ಎರಡನೆಯದನ್ನು ನಮ್ಮ ಸಭೆಗಳಲ್ಲಿ ಯಾರೂ ಹೇಳಿದ್ದು ನಾವು ಕೇಳಿಲ್ಲ.

ಈಗಿನ ನಿಯಮಗಳ ವಿಷಯ. ಕ್ಯಾಂಪಸ್ಸಿನ ಸಾಮಾನ್ಯ ಕೆಲಸಗಳಲ್ಲಿ ಸರ್ಕಾರದ ಪಾಲು ಈಗ ನೂರಕ್ಕೆ 75ರವರೆಗೆ. ಅಂದರೆ ಗ್ರಂಥಾಲಯಕ್ಕಾಗಲಿ ಲ್ಯಾಬಿಗಾಗಲಿ ವರ್ಕ್-ಸ್ಟಡಿ ಇರುವ ಹುಡುಗಿಯನ್ನು ತೆಗೆದುಕೊಂಡರೆ ಸಂಬಳದ ಕಾಲುಭಾಗ ಕಾಲೇಜಿನ ತಲೆಯ ಮೇಲೆ, ಮುಕ್ಕಾಲು ಸರ್ಕಾರದ್ದು. ಅರ್ಜಿ ಕೊಡುವಾಗ 'ನನಗೆ ವರ್ಕ್-ಸ್ಟಡಿ ಇದೆ' ಎಂದು ಮೊದಲ ಸಾಲಿನಲ್ಲೇ ಬರೆಯಬೇಕು ಎನ್ನುವುದು ಇದಕ್ಕೇ. ನಮ್ಮ ಮಕ್ಕಳು ಸಂಕೋಚದಿಂದ ಅದನ್ನು ಮುಚ್ಚಿಡುವುದುಂಟು. ಕಿಂಡರ್‌ಗಾರ್ಟನ್ನಿನ ಮಕ್ಕಳಿಗೆ ಓದು ಕಲಿಸುವಂಥ ಕೆಲಸಗಳಿಗೆ 1997ರಿಂದ ಪೂರ್ತಿ ಸಂಬಳವನ್ನು ಸರ್ಕಾರವೇ ಕೊಡಬಹುದೆಂದಾಗಿದೆ. ಮನೆಪಾಠ ಹೇಳಿಕೊಟ್ಟ ವಿಶ್ವೇಶ್ವರಯ್ಯನವರ ಊರಿನವರಿಗೆ ಇದು ಹೊಸದಾಗಬಾರದು.

ಪತ್ರದಲ್ಲಿರುವ ಮೊತ್ತ ಗರಿಷ್ಠ ಮಿತಿ, ವಾಗ್ದಾನವಲ್ಲ. ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 2,400 ಡಾಲರ್ ಎಂದು ಬರೆದಿದೆ ಎನ್ನಿ. ನ್ಯೂಯಾರ್ಕ್ ನಗರದ 2025ರ ಕನಿಷ್ಠ ಕೂಲಿ ಗಂಟೆಗೆ 16 ಡಾಲರ್ 50 ಸೆಂಟ್ ಹಿಡಿದರೆ ಅದು 145 ಗಂಟೆಯ ದುಡಿಮೆ. ಮೂವತ್ತು ವಾರಕ್ಕೆ ಹಂಚಿದರೆ ವಾರಕ್ಕೆ ಐದು ಗಂಟೆಯೂ ಇಲ್ಲ. 'ಓದು ಹಾಳಾಗುತ್ತದೆ' ಎಂದು ಹೆದರುವ ಅಮ್ಮಂದಿರು ಈ ಅಂಕಿಯನ್ನು ನೋಡಬೇಕು. ಅದೇ ಹುಡುಗ ಸೆಪ್ಟೆಂಬರಿನಲ್ಲೇ ವಾರಕ್ಕೆ ಹದಿನೈದು ಗಂಟೆ ದುಡಿದರೆ ಹತ್ತು ವಾರದೊಳಗೆ ಮಿತಿ ಮುಗಿಯುತ್ತದೆ, ವಸಂತದಲ್ಲಿ ಕೈ ಬರಿದು. ಗಂಟೆಗಳ ಲೆಕ್ಕವನ್ನು ಅವನೇ ಇಟ್ಟುಕೊಳ್ಳಬೇಕು.

ಇನ್ನೆರಡು ಅನುಕೂಲಗಳು. ಕನಿಷ್ಠ ಅರ್ಧಕಾಲದ ವಿದ್ಯಾರ್ಥಿಯಾಗಿ ತನ್ನ ಕಾಲೇಜಿನಲ್ಲೇ ದುಡಿಯುವವರಿಗೆ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಕಡಿತವಿಲ್ಲ. ಮುಂದಿನ ವರ್ಷದ ಫ್ಯಾಫ್ಸಾ ಫಾರಂನಲ್ಲಿ ವರ್ಕ್-ಸ್ಟಡಿ ಸಂಪಾದನೆಯನ್ನು ವಿದ್ಯಾರ್ಥಿಯ ಆದಾಯದಿಂದ ಬಿಡುತ್ತಾರೆ. ಹೊರಗಿನ ಅಂಗಡಿಯಲ್ಲಿ ದುಡಿದರೆ ಈ ಎರಡೂ ಇಲ್ಲ. ಆದಾಯ ತೆರಿಗೆ ಮಾತ್ರ ಎರಡು ಕಡೆಯೂ ಅನ್ವಯಿಸುತ್ತದೆ.

'ಎಂಜಲು ತಟ್ಟೆ ತೊಳೆಯೋಕೆ ಅಮೆರಿಕಕ್ಕೆ ಬಂದ್ವಾ?' ಎಂಬ ಮಾತು ನಮ್ಮ ಮನೆಗಳಲ್ಲಿ ಈಗಲೂ ಕೇಳುತ್ತದೆ. ಬಸವ ಜಯಂತಿಯ ದಿನ ವೇದಿಕೆಯ ಮೇಲೆ ಕಾಯಕದ ಬಗ್ಗೆ ಭಾಷಣ ಕೇಳಿ ಚಪ್ಪಾಳೆ ತಟ್ಟುವವರೂ ನಾವೇ. ಡೈನಿಂಗ್ ಹಾಲಿನಲ್ಲಿ ತಟ್ಟೆ ಎತ್ತುವ ಕೆಲಸಕ್ಕಿಂತ ಪ್ರೊಫೆಸರರ ಲ್ಯಾಬಿನ ಕೆಲಸ ಮುಂದೆ ಶಿಫಾರಸು ಪತ್ರಕ್ಕೆ ಒದಗುತ್ತದೆ ಎಂಬುದು ನಿಜ; ಅದನ್ನೇ ಮೊದಲು ಹುಡುಕಲಿ. ಸಿಗದಿದ್ದರೆ ತಟ್ಟೆ ಎತ್ತಲಿ.

ಇಷ್ಟೆಲ್ಲ ಹೇಳಿದ ಮೇಲೆ ಕಷ್ಟದ ಮಾತಿಗೆ ಬರಬೇಕು. 1965ರ ಕಾಯಿದೆಯ ನಂತರ ಬಂದ ಹಿರಿಯರಲ್ಲಿ ಹಲವರು ಗ್ರೀನ್ ಕಾರ್ಡ್ ಹಿಡಿದೇ ವಿಮಾನ ಇಳಿದರು. ಅವರ ಮಕ್ಕಳಿಗೆ ಈ ಬಾಗಿಲು ತೆರೆದೇ ಇತ್ತು. ಆಮೇಲೆ 1990ರ ವಲಸೆ ಕಾಯಿದೆ ಯಾವುದೇ ಒಂದು ದೇಶದವರಿಗೆ ವರ್ಷಕ್ಕೆ ನೂರಕ್ಕೆ 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ಹೋಗಬಾರದೆಂಬ ಮಿತಿ ಇಟ್ಟಿತು. ಎಚ್-1ಬಿ ವೀಸಾದಲ್ಲಿ ಬಂದ ನಮ್ಮವರ ಸಾಲು ಬೆಳೆಯುತ್ತಲೇ ಹೋಯಿತು. ಫೆಡರಲ್ ವರ್ಕ್-ಸ್ಟಡಿ ಇರುವುದು ನಾಗರಿಕರಿಗೆ, ಗ್ರೀನ್ ಕಾರ್ಡಿನವರಿಗೆ, ಮತ್ತೆ ಆಶ್ರಿತರಂಥ ಕೆಲವರಿಗೆ. ಆದ್ದರಿಂದ ಎಡಿಸನ್‌ನ ಒಂದೇ ಮನೆಯಲ್ಲಿ, ಬೆಂಗಳೂರಿನಲ್ಲಿ ಹುಟ್ಟಿ ಮೂರನೇ ವರ್ಷಕ್ಕೆ ಇಲ್ಲಿಗೆ ಬಂದ ಅಕ್ಕನಿಗೆ ಇದು ಇಲ್ಲ, ಇಲ್ಲೇ ಹುಟ್ಟಿದ ತಮ್ಮನಿಗೆ ಇದೆ. ಒಂದೇ ಶಾಲೆ, ಒಂದೇ ಬಸ್ಸು, ಒಂದೇ ಅಡುಗೆಮನೆ. ಎಚ್-4ನಲ್ಲಿರುವ ತನಕ ಅಕ್ಕ ಕ್ಯಾಂಪಸ್ಸಿನಲ್ಲೂ ಒಂದು ಗಂಟೆ ಸಂಬಳಕ್ಕೆ ದುಡಿಯುವಂತಿಲ್ಲ. 21 ತುಂಬಿದ ಮೇಲೆ ಎಚ್-4 ಕೂಡ ಇರುವುದಿಲ್ಲ. 1965ರ ಆ ಎರಡು ಸಹಿಗಳ ನಡುವೆ ಇಂಥದೊಂದು ಕಂದಕ ಬೀಳುತ್ತದೆಂದು ಆಗ ಯಾರು ಎಣಿಸಿದ್ದರು?

ಅಂಥ ಮಕ್ಕಳಲ್ಲಿ ಅನೇಕರು ಎಫ್-1ಕ್ಕೆ ಬದಲಾಯಿಸಿಕೊಳ್ಳುತ್ತಾರೆ. ಊರಿಂದ ಎಂ.ಎಸ್. ಓದಲು ಬರುವ ನಮ್ಮ ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳದೂ ಅದೇ ವೀಸಾ. ಎಫ್-1 ವಿದ್ಯಾರ್ಥಿ ತನ್ನ ಕಾಲೇಜಿನ ಕ್ಯಾಂಪಸ್ಸಿನಲ್ಲಿ, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಯವರೆಗೆ, ರಜೆಯಲ್ಲಿ ಪೂರ್ಣಕಾಲ ದುಡಿಯಬಹುದು. ಹಣ ಕೊಡುವುದು ಕಾಲೇಜೇ, ವರ್ಕ್-ಸ್ಟಡಿ ಅಲ್ಲ. ಹಾಗಾಗಿ ಇವರಿಗೆ ಕೆಲಸ ಸಿಗುವುದು ಸ್ವಲ್ಪ ಕಷ್ಟ. ಟೀಚಿಂಗ್ ಅಸಿಸ್ಟೆಂಟ್, ಗ್ರೇಡರ್, ಡೈನಿಂಗ್ ಹಾಲು, ಜಿಮ್ಮಿನ ಕೌಂಟರ್ ಇಲ್ಲೆಲ್ಲ ಕೇಳಬೇಕು. ಹೊರಗೆ ಗ್ಯಾಸ್ ಸ್ಟೇಷನ್ನಿನಲ್ಲಿ, ದಿನಸಿ ಅಂಗಡಿಯಲ್ಲಿ, ಅದು ನಮ್ಮವರದೇ ಆಗಿರಲಿ, ಕೈಗೆ ನಗದು ಕೊಡುತ್ತೇವೆಂದು ಕರೆದರೆ ಹೋಗಬಾರದು. ಅನುಮತಿ ಇಲ್ಲದ ಕೆಲಸದಿಂದ ವೀಸಾದ ಸ್ಥಿತಿಯೇ ಕೆಡುತ್ತದೆ, ಆಮೇಲೆ ಸರಿಪಡಿಸಿಕೊಳ್ಳುವುದು ಬಲು ಕಷ್ಟ. ಕರೆಯುವ ಅಂಗಡಿಯವರಿಗೂ ಈ ಮಾತು ತಲುಪಲಿ.

ವರ್ಕ್-ಸ್ಟಡಿ ಇರುವ ಮನೆಯವರಿಗೆ ಕಡೆಯದಾಗಿ ಒಂದು ವಿಷಯ. ಪ್ರತಿ ಕಾಲೇಜಿಗೆ ಬರುವ ಹಣ ಇಷ್ಟೇ ಎಂದು ಮೊದಲೇ ಗೊತ್ತಾಗಿರುತ್ತದೆ, ಅರ್ಹರಾದವರಿಗೆಲ್ಲ ಸಾಲುವುದಿಲ್ಲ. ಹಂಚಿಕೆಯ ಸೂತ್ರದಲ್ಲಿ ಹಿಂದೆ ಪಡೆದ ಮೊತ್ತಕ್ಕೂ ತೂಕವಿರುವುದರಿಂದ ನಮ್ಮ ಈಶಾನ್ಯದ ಹಳೆಯ ಖಾಸಗಿ ಕಾಲೇಜುಗಳಿಗೆ ಸ್ವಲ್ಪ ಹೆಚ್ಚೇ ಸಿಗುತ್ತ ಬಂದಿದೆ, ಕಮ್ಯುನಿಟಿ ಕಾಲೇಜುಗಳಿಗೆ ಕಡಿಮೆ. ಫ್ಯಾಫ್ಸಾ ತುಂಬಲು ಕಾಲೇಜು ಕೊಟ್ಟ ದಿನಾಂಕಕ್ಕೆ ಮುಂಚೆಯೇ ತುಂಬಿ. ಮಗುವಿನ ಸೋಷಿಯಲ್ ಸೆಕ್ಯುರಿಟಿ ಕಾರ್ಡು, ಪಾಸ್‌ಪೋರ್ಟು ಡಾರ್ಮಿಗೆ ಹೋಗುವ ಪೆಟ್ಟಿಗೆಯಲ್ಲಿ ಇರಲಿ; ಕೆಲಸಕ್ಕೆ ಸೇರುವಾಗ ಮೂಲ ಪ್ರತಿಗಳನ್ನೇ ಕೇಳುತ್ತಾರೆ, ಇಲ್ಲವಾದರೆ ನ್ಯೂಜೆರ್ಸಿಯಿಂದ ಅಪ್ಪ ಕಾರಿನಲ್ಲಿ ತೆಗೆದುಕೊಂಡು ಹೋಗಬೇಕಾಗುತ್ತದೆ. ತರಗತಿ ಶುರುವಾದ ಮೊದಲ ವಾರದಲ್ಲೇ ಒಳ್ಳೆಯ ಕೆಲಸಗಳು ಖಾಲಿಯಾಗುತ್ತವೆ.