ಮಸುಕು ನೀಲಿ ಚುಕ್ಕೆ

ವಾಯೇಜರ್ 1 ನೌಕೆ 1990ರ ಫೆಬ್ರುವರಿ 14ರಂದು ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ತೆಗೆದ ಭೂಮಿಯ ಚಿತ್ರ. ಗ್ರಹಗಳ ಸಮೀಕ್ಷೆ ಮುಗಿಸಿದ್ದ ನೌಕೆಯ ಕ್ಯಾಮೆರಾವನ್ನು ಒಮ್ಮೆ ಹಿಂದಕ್ಕೆ ತಿರುಗಿಸಬೇಕೆಂದು ಖಗೋಳವಿಜ್ಞಾನಿ ಕಾರ್ಲ್ ಸೇಗನ್ ವರ್ಷಗಟ್ಟಲೆ ಒತ್ತಾಯಿಸಿದ್ದರು. ಚಿತ್ರದಲ್ಲಿ ಭೂಮಿ ಒಂದು ಪಿಕ್ಸೆಲ್‌ಗಿಂತಲೂ ಚಿಕ್ಕದು. ಅದರ ಮೇಲೆ ಹಾದುಹೋಗಿರುವ ಬೆಳಕಿನ ಪಟ್ಟೆ ಕ್ಯಾಮೆರಾದೊಳಗೆ ಚದುರಿದ ಬಿಸಿಲೇ ಹೊರತು ಭೂಮಿಗೆಂದೇ ಬಿದ್ದ ಬೆಳಕಲ್ಲ. ವೈಜ್ಞಾನಿಕ ಮಾಹಿತಿ ಇದರಿಂದ ಹೆಚ್ಚೇನೂ ಸಿಗದಿದ್ದರೂ ವಿಶ್ವದಲ್ಲಿ ಮನುಷ್ಯನ ಸ್ಥಾನವನ್ನು ಇಷ್ಟು ನೇರವಾಗಿ ತೋರಿಸಿದ ಚಿತ್ರ ಇನ್ನೊಂದಿಲ್ಲ. 1994ರಲ್ಲಿ ಇದೇ ಹೆಸರಿನ ಪುಸ್ತಕ ಬರೆದ ಸೇಗನ್, ವಿಶ್ವ ನಮಗಾಗಿ ಸೃಷ್ಟಿಯಾದದ್ದಲ್ಲ ಎಂದ ಮಾತ್ರಕ್ಕೆ ಬದುಕು ಬರಿದಾಗದು ಎಂದು ವಾದಿಸಿದರು. ನಮ್ಮನ್ನು ಕಾಯಲು ಹೊರಗಿನಿಂದ ಯಾರೂ ಬರುವ ಸೂಚನೆಯಿಲ್ಲ. ಆದ್ದರಿಂದ ಪರಸ್ಪರ ಕರುಣೆ, ಭೂಮಿಯ ಜೋಪಾನ, ಬದುಕಿನ ಅರ್ಥ ಮೂರೂ ಮನುಷ್ಯರದೇ ಹೊಣೆ ಎಂಬುದು ಅವರ ನಿಲುವು. 2020ರಲ್ಲಿ ನಾಸಾ ಚಿತ್ರದ ಪರಿಷ್ಕೃತ ಆವೃತ್ತಿಯನ್ನು ಬಿಡುಗಡೆ ಮಾಡಿತು.