ಗಾಜಿನ ಕಪಾಟಿನಿಂದ ಹೊರಬಂದ ವಿಜ್ಞಾನ: ವಸ್ತುಸಂಗ್ರಹಾಲಯದ ಎಳೆಯ ವಿವರಣಕಾರರು

ವಸ್ತುಸಂಗ್ರಹಾಲಯವೆಂದರೆ ಗಾಜಿನ ಕಪಾಟಿನೊಳಗಿನ ವಸ್ತುವನ್ನು ಮುಟ್ಟದೆ ದೂರದಿಂದ ನೋಡುವ ಸ್ಥಳವೆಂಬ ಭಾವನೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಲವಾಗಿ ಬೇರೂರಿತ್ತು. 1903ರಲ್ಲಿ ಓಸ್ಕರ್ ಫಾನ್ ಮಿಲ್ಲರ್ ಮ್ಯೂನಿಕ್‌ನಲ್ಲಿ ಸ್ಥಾಪಿಸಿದ ಡಾಯ್ಚಸ್ ಮ್ಯೂಸಿಯಂ, ನೋಡುಗರೇ ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ಚಲಾಯಿಸಬಹುದಾದ ಮಾದರಿಗಳನ್ನು ಇಟ್ಟು ಆ ಭಾವನೆಯನ್ನು ಸಡಿಲಿಸಿತು. 1937ರಲ್ಲಿ ಪ್ಯಾರಿಸ್‌ನಲ್ಲಿ ತೆರೆದ ಪಾಲೆ ದ ಲಾ ದೆಕುವೆರ್ತ್ ಪ್ರಯೋಗಗಳನ್ನೇ ಜನರ ಕಣ್ಣೆದುರು ನಡೆಸಿ ತೋರಿಸಿತು. ಪ್ರೌಢಶಾಲೆಯ ವಿದ್ಯಾರ್ಥಿಗೆ ಸಂಬಳ ಕೊಟ್ಟು, ವಿವರಿಸುವ ಹೊಣೆಯನ್ನೇ ಅವನ ಹೆಗಲಿಗೆ ಹೊರಿಸಿದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1969ರಲ್ಲಿ ಆರಂಭವಾದ ಎಕ್ಸ್‌ಪ್ಲೊರಟೋರಿಯಂನ ವೈಶಿಷ್ಟ್ಯ.

ಅದರ ಸ್ಥಾಪಕ ಫ್ರಾಂಕ್ ಓಪನ್‌ಹೈಮರ್ ಭೌತವಿಜ್ಞಾನಿ, ಅಣುಬಾಂಬ್ ಯೋಜನೆಯ ರಾಬರ್ಟ್ ಓಪನ್‌ಹೈಮರ್ ಅವರ ತಮ್ಮ. ಹಿಂದೆ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದ ಸಂಗತಿ ಹೊರಬಿದ್ದ 1949ರಲ್ಲಿ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡ ಅವರು ಕೊಲರಾಡೋದ ಬೆಟ್ಟಸೀಮೆಯಲ್ಲಿ ಹಲವು ವರ್ಷ ದನ ಸಾಕಿ ಬದುಕಿದರು. ಆಮೇಲೆ ಪಗೋಸಾ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಮೇಷ್ಟರಾಗಿ, ಊರಿನ ಗುಜರಿ ರಾಶಿಯ ಬಳಿಗೆ ಮಕ್ಕಳನ್ನು ಕರೆದೊಯ್ದು, ಹಳೆಯ ಯಂತ್ರಗಳ ಬಿಡಿಭಾಗಗಳಲ್ಲೇ ಭೌತವಿಜ್ಞಾನವನ್ನು ಕಲಿಸಿದರು. ಮುಂದೆ ಯುರೋಪಿನ ವಿಜ್ಞಾನ ಸಂಗ್ರಹಾಲಯಗಳನ್ನು ನೋಡಿ ಬಂದದ್ದು ಅವರ ಯೋಜನೆಗೆ ರೂಪ ಕೊಟ್ಟಿತೆಂಬುದು ನಿಜವಾದರೂ, ಅದರ ಬೀಜ ಆ ಗುಜರಿ ರಾಶಿಯಲ್ಲೇ ಇತ್ತೆಂದು ಹೇಳುವುದು ಹೆಚ್ಚು ಸರಿ.

ಎಕ್ಸ್‌ಪ್ಲೊರಟೋರಿಯಂ ತನ್ನ ಎಳೆಯ ನೌಕರರನ್ನು ‘ಎಕ್ಸ್‌ಪ್ಲೇನರ್’, ಅಂದರೆ ವಿವರಿಸುವವರು, ಎಂದು ಕರೆಯಿತು. ಅವರು ವಿಜ್ಞಾನದಲ್ಲಿ ಹೆಚ್ಚು ಅಂಕ ಗಳಿಸಿದವರೇ ಆಗಿರಬೇಕೆಂಬ ಕಟ್ಟುಪಾಡು ಇರಲಿಲ್ಲ. ನಗರದ ಬೇರೆ ಬೇರೆ ಹಿನ್ನೆಲೆಗಳ ಹುಡುಗ ಹುಡುಗಿಯರು ತರಬೇತಿ ಪಡೆದು, ಪ್ರದರ್ಶಿಕೆಗಳ ನಡುವೆ ಓಡಾಡುತ್ತ, ಬಂದವರೊಡನೆ ಮಾತಿಗೆ ನಿಲ್ಲುತ್ತಿದ್ದರು. ಪ್ರದರ್ಶಿಕೆಗಳನ್ನು ತಯಾರಿಸುವ ಕಾರ್ಯಾಗಾರವನ್ನೂ ಓಪನ್‌ಹೈಮರ್ ಜನರಿಗೆ ಕಾಣುವಂತೆಯೇ ಇಟ್ಟಿದ್ದರಿಂದ, ಲೇತ್ ತಿರುಗುವುದು, ಬೆಸುಗೆ ಹಾಕುವುದು, ಕೆಟ್ಟದ್ದನ್ನು ಬಿಚ್ಚಿ ಸರಿಪಡಿಸುವುದು ಇವೆಲ್ಲವೂ ಆ ಮಕ್ಕಳ ದಿನನಿತ್ಯದ ನೋಟವಾಗಿದ್ದವು.

ಅವರು ಮಾಡಿ ತೋರಿಸುತ್ತಿದ್ದ ಕೆಲಸಗಳಲ್ಲಿ ಹೆಸರಾದದ್ದು ಹಸುವಿನ ಕಣ್ಣಿನ ಛೇದನ. ಕಸಾಯಿಖಾನೆಯಿಂದ ತರಿಸಿದ ಕಣ್ಣುಗುಡ್ಡೆಯ ಸುತ್ತಲಿನ ಕೊಬ್ಬು ಮತ್ತು ಸ್ನಾಯುಗಳನ್ನು ಬಿಡಿಸಿ, ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾವನ್ನು ಕತ್ತರಿಸಿದಾಗ ಒಳಗಿನ ತಿಳಿನೀರು ಹರಿದು ಬರುತ್ತದೆ; ಮಸೂರವನ್ನು ಹೊರತೆಗೆದು ಮುದ್ರಿತ ಹಾಳೆಯ ಮೇಲಿಟ್ಟರೆ ಅದರಡಿಯ ಅಕ್ಷರಗಳು ದೊಡ್ಡದಾಗಿ ಕಾಣುತ್ತವೆ. ಬೆಳಕನ್ನು ಗ್ರಹಿಸುವ ತೆಳುಪೊರೆಯಾದ ಅಕ್ಷಿಪಟಲ ದೃಷ್ಟಿನರ ಹೊರಡುವ ಒಂದೇ ಬಿಂದುವಿನಲ್ಲಿ ಗಟ್ಟಿಯಾಗಿ ಅಂಟಿಕೊಂಡಿದ್ದು, ಕಣ್ಣಿಗೆ ಏನೂ ಕಾಣದ ‘ಕುರುಡು ಚುಕ್ಕೆ’ ಅದೇ ಎಂಬುದು ಎಳೆದು ನೋಡಿದೊಡನೆ ಮನದಟ್ಟಾಗುತ್ತದೆ. ಅಕ್ಷಿಪಟಲದ ಹಿಂದೆ ನೀಲಿ ಹಸಿರಾಗಿ ಮಿನುಗುವ ಪದರವೊಂದಿದೆ. ರಾತ್ರಿ ಕೊಟ್ಟಿಗೆಗೆ ದೀಪ ಹಿಡಿದಾಗ ದನಗಳ ಕಣ್ಣು ಹೊಳೆಯುವುದು ಬೆಳಕನ್ನು ಹಿಂದಕ್ಕೆ ಕಳಿಸುವ ಈ ಪದರದಿಂದಲೇ. ಪಠ್ಯಪುಸ್ತಕದ ಚಿತ್ರಕ್ಕೆ ಹೆಸರು ಬರೆದು ಅಂಕ ಪಡೆಯುವ ವಿದ್ಯಾರ್ಥಿಗೂ, ಅಸಹ್ಯದಿಂದ ಹಿಂದೆ ಸರಿದ ನೋಡುಗನನ್ನು ಮೇಜಿನ ಹತ್ತಿರಕ್ಕೆ ಕರೆತರಬೇಕಾದ ವಿದ್ಯಾರ್ಥಿಗೂ ಅಪಾರ ಅಂತರವಿದೆ. ಎರಡನೆಯವನು ಪ್ರತಿ ಅಪರಿಚಿತನ ಪ್ರಶ್ನೆಗೂ ತನ್ನ ತಿಳಿವಳಿಕೆಯನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕಾಗುತ್ತದೆ.

ಭಾರತದಲ್ಲಿ ಮುಟ್ಟಿ ನೋಡುವ ಸಂಗ್ರಹಾಲಯಗಳ ಚರಿತ್ರೆ ಎಕ್ಸ್‌ಪ್ಲೊರಟೋರಿಯಂಗಿಂತ ಹಳೆಯದು. ಕೋಲ್ಕತ್ತದ ಬಿರ್ಲಾ ಸಂಗ್ರಹಾಲಯ 1959ರಲ್ಲಿ ತೆರೆಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ನೆನಪಿಗೆ ಕಟ್ಟಿದ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಕಟ್ಟಡವನ್ನು 1962ರಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು, ವಿದ್ಯುಚ್ಛಕ್ತಿಯ ಕುರಿತ ಅಂಗಣದೊಂದಿಗೆ ಅದು 1965ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಶಾಲೆಯ ಮಕ್ಕಳು ಇಲ್ಲಿ ಬಹುತೇಕ ನೋಡುಗರಾಗಿಯೇ ಬಂದು ಹೋಗುತ್ತಾರೆ. ಇದಕ್ಕೆ ಒಳ್ಳೆಯ ಅಪವಾದವೆಂದರೆ ಈ ಸಂಸ್ಥೆ ನಡೆಸುವ ದಕ್ಷಿಣ ಭಾರತ ವಿಜ್ಞಾನ ಮೇಳ. ನೆರೆ ರಾಜ್ಯಗಳಿಂದಲೂ ಬರುವ ವಿದ್ಯಾರ್ಥಿಗಳು ತಾವೇ ತಯಾರಿಸಿದ ಮಾದರಿಗಳ ಪಕ್ಕದಲ್ಲಿ ನಿಂತು, ಬಂದವರಿಗೆ ಅವುಗಳ ತತ್ತ್ವವನ್ನು ಬಿಡಿಸಿ ಹೇಳುತ್ತಾರೆ. ಆದರೆ ಮೇಳ ಮುಗಿದ ಮೇಲೆ ಮಾದರಿಗಳ ಜೊತೆಗೆ ಅವರೂ ಊರಿಗೆ ಮರಳುತ್ತಾರೆ. ಎಕ್ಸ್‌ಪ್ಲೇನರ್‌ಗಳಾದರೋ ಮರುದಿನವೂ ಅದೇ ಪ್ರದರ್ಶಿಕೆಯ ಬಳಿ, ಬೇರೆಯದೇ ಪ್ರಶ್ನೆ ಹೊತ್ತು ಬರುವವರಿಗಾಗಿ ಕಾದು ನಿಲ್ಲುತ್ತಿದ್ದರು.