ಬೇರೆ ಲೋಟದ ಚರಿತ್ರೆ

ಗೆಳೆಯರೇ, ಬೇರೆ ಲೋಟ ಅಂದರೆ ಏನಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹೋಟೆಲ್ಲಿನ ಹೊರಗೆ ಇಟ್ಟ ಲೋಟದಲ್ಲಿ ನಮ್ಮ ಅಪ್ಪಂದಿರು ಚಾ ಕುಡಿದವರು. ಅದೇ ಲೋಟ ಎಚ್‌ಐವಿ ಇರುವ ಮಗುವಿನ ಮುಂದೆ ಬಂದು ಕೂತಿತು. ಎಷ್ಟೋ ಕಡೆ ಅದರ ಸ್ವಂತ ಮನೆಯೊಳಗೇ. ಒಟ್ಟಿಗೆ ಉಂಡರೆ, ಆಡಿದರೆ ಈ ವೈರಸ್ ಹರಡುವುದಿಲ್ಲ. ಹರಡುವುದು ಹಳೇ ಮುಟ್ಟುಗೋಳು.

ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಪರೀಕ್ಷೆಗೆ ತೆಗೆದದ್ದು ಲೈಂಗಿಕ ವೃತ್ತಿಯ ಹೆಂಗಸರ ರಕ್ತ. ಅವರ ಬಳಿ ಬಂದುಹೋದ ಗಂಡಸರ ಲೆಕ್ಕವನ್ನು ಸಮಾಜ ಅಷ್ಟು ಗಟ್ಟಿಯಾಗಿ ಕೇಳಲಿಲ್ಲ. ರೋಗಕ್ಕೆ ಹೆಣ್ಣಿನ ಮುಖ ಅಂಟಿತು. ಬಳ್ಳಾರಿ ಸೀಮೆಯಲ್ಲಿ ಬೊಟ್ಟು ಮಾಡುವ ಬೆರಳಿಗೆ ದಿಕ್ಕು ಮೊದಲೇ ಗೊತ್ತಿತ್ತು. 1953ರವರೆಗೆ ಮದ್ರಾಸಿಗೆ ಸೇರಿದ್ದ ಈ ನೆಲಕ್ಕೆ ದೇವದಾಸಿ ಪದ್ಧತಿ ತಡೆಯುವ 1947ರ ಕಾಯ್ದೆ ಬಂತು. ಮುಂದೆ 1982ರ ಕರ್ನಾಟಕ ಕಾಯ್ದೆಯೂ ಬಂತು. ಕಾಯ್ದೆಯ ಹಿಂದೆ ಹೊಲ ಬರಲಿಲ್ಲ. ಗಂಡನಿಂದ ಸೋಂಕು ಬಂದ ಹೆಂಡತಿಗೂ ಅದೇ ಬೈಗುಳ, ಅವಳ ಕೂಸಿಗೂ ಅದೇ.

ಔಷಧಿಯ ಚರಿತ್ರೆಯೂ ದುಡ್ಡಿನ ಚರಿತ್ರೆಯೇ. 2000ದ ಸುಮಾರಿಗೆ ಒಬ್ಬರ ಒಂದು ವರ್ಷದ ಔಷಧಿಗೆ 10,000 ಡಾಲರು ಬೇಕಿತ್ತು. 2001ರಲ್ಲಿ ನಮ್ಮ ಸಿಪ್ಲಾ ಕಂಪನಿ 350 ಡಾಲರಿಗೆ ಕೊಡುತ್ತೇನೆಂದಿತು. 2004ರ ಏಪ್ರಿಲ್ 1ರಿಂದ ಸರ್ಕಾರ ಪುಕ್ಕಟೆ ಚಿಕಿತ್ಸೆ ಶುರು ಮಾಡಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಗುಳಿಗೆ ದೊಡ್ಡವರ ಅಳತೆಯದು. ಮಕ್ಕಳ ಔಷಧಿಯ ರಾಷ್ಟ್ರೀಯ ಯೋಜನೆ ಬಂದದ್ದು 2006ರ ನವೆಂಬರಿನಲ್ಲಿ. ಅಲ್ಲಿಯತನಕ ದೊಡ್ಡವರ ಗುಳಿಗೆ ಮುರಿದು ಕೊಡುವುದೇ ದಾರಿಯಾಗಿತ್ತು.

ಗುಳಿಗೆ ಆಸ್ಪತ್ರೆಗೆ ಬಂತು, ಸರಿ. ಆಸ್ಪತ್ರೆಯಿಂದ ಮಗುವಿನ ಬಾಯಿಗೆ? ಸಿರುಗುಪ್ಪದಿಂದ ಬಳ್ಳಾರಿಗೆ 50 ಕಿಲೋಮೀಟರಿಗೂ ಹೆಚ್ಚು. ಅಪ್ಪ ಅವ್ವ ಇಲ್ಲದ ಮನೆಯಲ್ಲಿ ಅಜ್ಜಿ ಭತ್ತದ ನಾಟಿಗೆ ಹೋದರೆ ಕೂಲಿ, ಆಸ್ಪತ್ರೆಗೆ ಹೋದರೆ ಗುಳಿಗೆ. ಎರಡೂ ಒಂದೇ ದಿನ ಆಗುವುದಿಲ್ಲ. ಈ ಸಂದಿನಲ್ಲಿ ನಿಂತವರು ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಸ್ವಯಂಸೇವಕರು. ಸ್ವತಃ ಸೋಂಕಿನೊಂದಿಗೆ ಬದುಕುವವರೂ ಇವರಲ್ಲಿದ್ದಾರೆ. "ಗುಳಿಗಿ ನುಂಗಿದೇನಪ್ಪಾ?" ಅನ್ನುವ ಒಂದು ಮಾತಿಗಾಗಿ ಕೇರಿಗೆ ನಡೆಯಬೇಕು. ಅದೂ ಹುಷಾರಾಗಿ. ಒಂದೇ ಮನೆಗೆ ಹೋದರೆ ಊರಿಗೆಲ್ಲ ಗುಟ್ಟು ಗೊತ್ತಾಗುತ್ತದೆ. ನಾಲ್ಕು ಮನೆ ಮಾತಾಡಿಸಿಕೊಂಡೇ ಹೋಗಬೇಕು. ಮಗು ತಾನೇ "ನನಗ್ಯಾಕ ದಿನಾ ಗುಳಿಗಿ?" ಎಂದು ಕೇಳುವ ದಿನ ಬಂದಾಗ ಪಕ್ಕದಲ್ಲಿ ಕೂರಬೇಕು.

2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಶಾಲೆಯಲ್ಲಿ ಭೇದ ಮಾಡುವುದನ್ನು ಅದು ನಿಷೇಧಿಸುತ್ತದೆ. 12 ತುಂಬಿದ, ತಿಳಿವಳಿಕೆಯುಳ್ಳ ಅಕ್ಕ ಅಥವಾ ಅಣ್ಣ ತಮ್ಮ ತಂಗಿಯರಿಗೆ ಪೋಷಕರಾಗಬಹುದೆಂದೂ ಅದು ಹೇಳುತ್ತದೆ. ಬಡವರ ಮನೆಯ ಹುಡುಗಿಯರು ಯಾವಾಗಿನಿಂದಲೋ ಹೊತ್ತಿದ್ದ ಭಾರವನ್ನು ಕಾನೂನು ಕೊನೆಗೂ ಕಂಡಿತು.

ಆದರೆ ಕಾನೂನು ಕೇರಿಗೆ ತಾನಾಗಿ ನಡೆದು ಬರುವುದಿಲ್ಲ. ಯೋಜನೆಗೆ ಅವಧಿ ಉಂಟು. ಮಗುವಿನ ಗುಳಿಗೆಗೆ ಅವಧಿ ಇಲ್ಲ, ಅದು ಬದುಕಿಡೀ. ಹಾಗಿದ್ದ ಮೇಲೆ ಅದನ್ನು ಕಾಯುವವರ ದುಡಿಮೆಗೆ 'ಸೇವೆ' ಎಂದು ಹೆಸರಿಟ್ಟು ಕೂಲಿ ತಪ್ಪಿಸುವುದು ಯಾವ ನ್ಯಾಯ? ಮೇಷ್ಟ್ರುಗಳೇ, ನಿಮ್ಮ ತರಗತಿಯಲ್ಲಿ ಇಂಥ ಮಗು ಇದ್ದರೆ ಗುಟ್ಟು ಕಾಯಿರಿ. ಬಿಸಿಯೂಟದ ಸಾಲಿನಲ್ಲಿ ಎಲ್ಲರ ನಡುವೆ ಕೂರಿಸಿರಿ. ಬೇರೆ ಲೋಟ ಕಂಡರೆ ಒಡೆಯಿರಿ.